ಮೂರು ನಿಮಿಷ ನಲವತ್ತನೇ ಸೆಕೆಂಡಿಗೆ ಮಕ್ಕಳು ಎಲ್ಲಿಗೆ ಹೋದರು?

ನಮ್ಮ ಬ್ಯಾಚಿನ ಅಭ್ಯಾಸ ಬೋಧನೆಯಲ್ಲಿ ಈ ಸಲ ಒಂದು ಹೊಸ ಕೆಲಸ ಸೇರಿತ್ತು. ತರಗತಿಯ ಪಾಠಗಳ ಜೊತೆಗೆ ಎರಡು ಪಾಠಗಳನ್ನು ವಿಡಿಯೊ ಮಾಡಿ ಕಾಲೇಜಿನ ಯೂಟ್ಯೂಬ್ ಚಾನೆಲ್‌ಗೆ ಹಾಕಬೇಕು. ಲಿಂಕ್ ಇದ್ದವರಿಗೆ ಮಾತ್ರ ಕಾಣುವಂತೆ ಇಟ್ಟು ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಬೇಕು. ಮುಂದಿನ ಬ್ಯಾಚಿನಿಂದ ಆ ವಿಡಿಯೊಗಳ ಅಂಕಿಅಂಶವನ್ನು ಎಐ ಸಹಾಯಕಕ್ಕೆ ಜೋಡಿಸಿ, ಅದು ಕೊಡುವ ವರದಿಗೆ ಐದು ಅಂಕ ಇಡಬೇಕೆಂಬ ಮಾತು ಸ್ಟಾಫ್ ರೂಮಿನಲ್ಲಿ ನಡೆದಿದೆ ಎಂದು ಕೇಳಿದ್ದೇನೆ. ಜೋಡಿಸುವುದಕ್ಕೆ ನನ್ನ ತಕರಾರಿಲ್ಲ. ಅಂಕಕ್ಕೆ ತಕರಾರಿದೆ. ಏಕೆಂದರೆ ಈ ವರ್ಷ ಅದನ್ನು ಜೋಡಿಸಿ, ಅದರ ಮಾತು ಕೇಳಿ, ಒಂದು ಪಾಠವನ್ನು ಕೆಡಿಸಿದವಳು ನಾನೇ.

ನನಗೆ ಸಿಕ್ಕಿದ್ದು ಬಸವೇಶ್ವರನಗರದ ಕಡೆಯ ಒಂದು ಪ್ರೌಢಶಾಲೆ. ಹತ್ತನೇ ತರಗತಿಯ ಎರಡು ವಿಭಾಗ, ಒಟ್ಟು 74 ಮಕ್ಕಳು. ಬಹಳಷ್ಟು ಮಕ್ಕಳ ತಂದೆ ತಾಯಿ ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ ಕೆಲಸ ಮಾಡುವವರು. ಕೆಲವರು ಆಟೊ ಓಡಿಸುವವರು. ಪಾಠ, ಬೆಳಕು: ನಿಮ್ನ ದರ್ಪಣದಲ್ಲಿ ಪ್ರತಿಬಿಂಬ ಉಂಟಾಗುವ ಬಗೆ. ಮೊದಲ ವಿಡಿಯೊ ಒಂಬತ್ತು ನಿಮಿಷದ್ದು. ಕೆಂಗೇರಿಯ ನಮ್ಮ ಮನೆಯಲ್ಲಿ ಬೆಳಕು ಚೆನ್ನಾಗಿ ಬೀಳುವ ಜಾಗ ಅಡುಗೆಮನೆ ಒಂದೇ ಆದ್ದರಿಂದ ಅಲ್ಲೇ ಚಿತ್ರೀಕರಿಸಿದೆ. ಸ್ಟೀಲ್ ಸೌಟನ್ನೇ ದರ್ಪಣ ಮಾಡಿ ತೋರಿಸಿದ್ದೆ. ಹತ್ತು ದಿನದಲ್ಲಿ 131 ವೀಕ್ಷಣೆ ಬಂದವು. ಹೆಮ್ಮೆ ಆಗಿತ್ತು, ಸುಳ್ಳೇಕೆ ಹೇಳಲಿ.

ಅಂಕಿಅಂಶ ಜೋಡಿಸಿಕೊಟ್ಟವನು ವಿಜಯನಗರದಲ್ಲಿರುವ ನಮ್ಮ ದೊಡ್ಡಪ್ಪನ ಮಗ. ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಒಂದು ಶನಿವಾರ ನನ್ನ ಮಾರ್ಗದರ್ಶಕ ಮೇಡಂ ಎದುರಿನಲ್ಲೇ ಕಾಲೇಜಿನ ಲ್ಯಾಬಿನಲ್ಲಿ ಕೂತು ಮಾಡಿಕೊಟ್ಟ. ಇದರಲ್ಲಿ ಮಂತ್ರ ಏನಿಲ್ಲ. ಯೂಟ್ಯೂಬ್ ತನ್ನ ಅಂಕಿಅಂಶವನ್ನು ಬೇರೆ ತಂತ್ರಾಂಶ ಕೇಳಿ ಪಡೆಯಲು ಒಂದು ಬಾಗಿಲು ಇಟ್ಟಿದೆ. ಚಾನೆಲ್‌ನ ಒಡೆಯರು ಅನುಮತಿ ಕೊಟ್ಟರೆ ಮಾತ್ರ ಅದು ತೆರೆಯುತ್ತದೆ. ಎಐ ಸಹಾಯಕಕ್ಕೂ ಇಂಥ ಬಾಗಿಲುಗಳಿಗೂ ನಡುವೆ ಹಾಕುವ ಕೊಂಡಿಗೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಮುಕ್ತ ಮಾನದಂಡವನ್ನು ಆಂಥ್ರೊಪಿಕ್ ಕಂಪನಿ 2024ರ ನವೆಂಬರಿನಲ್ಲಿ ಪ್ರಕಟಿಸಿತು. ಯೂಟ್ಯೂಬ್ ಕೂಡ 2025ರಲ್ಲಿ ತನ್ನ ಸ್ಟುಡಿಯೊ ಒಳಗೇ ಪ್ರಶ್ನೆ ಕೇಳುವ ಸಹಾಯಕವೊಂದನ್ನು ಘೋಷಿಸಿತು. ಹಾಗಾಗಿ ಇನ್ನು ಮುಂದೆ ಅಣ್ಣಂದಿರ ಸಹಾಯವೂ ಬೇಕಾಗಲಿಕ್ಕಿಲ್ಲ. ಒಂದು ಎಚ್ಚರಿಕೆ ಮಾತ್ರ ಬರೆದಿಟ್ಟುಕೊಳ್ಳಿ: ಅನುಮತಿ ಕೊಡುವಾಗ ‘ಓದಲು ಮಾತ್ರ’ ಎಂಬುದನ್ನೇ ಕೊಡಿ. ಚಾನೆಲ್ ನಿರ್ವಹಿಸುವ ಅನುಮತಿ ಕೊಟ್ಟುಬಿಟ್ಟರೆ, ವಿಡಿಯೊ ಅಳಿಸುವ ಅಧಿಕಾರವನ್ನೂ ಕೊಟ್ಟಂತೆ.

ಈಗ ಗ್ರಾಫಿನ ವಿಷಯಕ್ಕೆ ಬರುತ್ತೇನೆ. ರಿಟೆನ್ಷನ್ ಗ್ರಾಫ್ ಅಂದರೆ ವಿಡಿಯೊದ ಯಾವ ಹೊತ್ತಿನಲ್ಲಿ ಎಷ್ಟು ಪಾಲು ಜನ ಇನ್ನೂ ನೋಡುತ್ತಿದ್ದರು ಎಂಬ ರೇಖೆ. ಹೊರಗಿನ ತಂತ್ರಾಂಶಕ್ಕೆ ಕೊಡುವಾಗ ಯೂಟ್ಯೂಬ್ ಇಡೀ ವಿಡಿಯೊವನ್ನು 100 ಸಮಭಾಗ ಮಾಡಿ ಕೊಡುತ್ತದೆ. ನನ್ನ ಒಂಬತ್ತು ನಿಮಿಷದ ಪಾಠಕ್ಕೆ ಒಂದು ಭಾಗ ಅಂದರೆ 5.4 ಸೆಕೆಂಡು. ಇದನ್ನು ಕಂಡಾಗ ನನಗೆ ನೆನಪಾದದ್ದು ಫ್ಲಾಂಡರ್ಸ್. ಅಂತರ್‌ಕ್ರಿಯಾ ವಿಶ್ಲೇಷಣೆ ಎಂದು ನಾವೆಲ್ಲ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಪ್ರತಿ ಮೂರು ಸೆಕೆಂಡಿಗೆ ಒಂದು ಸಂಖ್ಯೆ ಬರೆದೆವಲ್ಲ, ಅದೇ. ಅವನ ಹತ್ತು ವರ್ಗಗಳಲ್ಲಿ ಏಳು ಶಿಕ್ಷಕರ ಮಾತಿಗೆ, ಎರಡು ವಿದ್ಯಾರ್ಥಿಗಳ ಮಾತಿಗೆ, ಕೊನೆಯದು ಮೌನ ಅಥವಾ ಗೊಂದಲಕ್ಕೆ. ಮಗು ಯೋಚಿಸುತ್ತಾ ಸುಮ್ಮನಿದ್ದರೂ ಹತ್ತು, ತರಗತಿ ಸಂತೆಯಾದರೂ ಹತ್ತು. ಇದೆಂಥ ನ್ಯಾಯ ಎಂದು ನಾವು ಆಗ ನಕ್ಕಿದ್ದೆವು. ರಿಟೆನ್ಷನ್ ಗ್ರಾಫಿನಲ್ಲಿ ಇರುವುದೂ ಅದೇ ಹತ್ತನೇ ವರ್ಗ. ಆದರೆ ಈ ಸಲ ನಾನು ನಗಲಿಲ್ಲ.

ನನ್ನ ರೇಖೆ 3 ನಿಮಿಷ 40ನೇ ಸೆಕೆಂಡಿನಲ್ಲಿ ಬಂಡೆಯಿಂದ ಜಾರಿದಂತೆ ಬಿದ್ದಿತ್ತು. 5 ನಿಮಿಷ 10ನೇ ಸೆಕೆಂಡಿನಲ್ಲಿ ಒಂದು ಗುಡ್ಡ ಎದ್ದಿತ್ತು. ಜನ ಹಿಂದೆ ಹೋಗಿ ಮತ್ತೆ ನೋಡಿದರೆ ಹಾಗೆ ಏಳುತ್ತದೆ. ‘ಮಕ್ಕಳು ಯಾಕೆ ಬಿಟ್ಟು ಹೋದರು?’ ಎಂದು ಸಹಾಯಕವನ್ನು ಕೇಳಿದೆ. ಕನ್ನಡದಲ್ಲೇ ಕೇಳಿದೆ, ಕನ್ನಡದಲ್ಲೇ ಉತ್ತರ ಬಂತು. 3.40ಕ್ಕೆ ಕಿರಣ ರೇಖಾಚಿತ್ರ ಶುರುವಾಗುತ್ತದೆ, ಅಲ್ಲಿ ವೀಕ್ಷಕರ ಆಸಕ್ತಿ ಕುಂದಿದೆ, ಆ ಭಾಗವನ್ನು ಮೊಟಕುಗೊಳಿಸಿ ಎಂದಿತು. 5.10 ನಿಮ್ಮ ಪಾಠದ ಅತ್ಯಂತ ಆಕರ್ಷಕ ಕ್ಷಣ, ಅಂಥವನ್ನು ಹೆಚ್ಚಿಸಿ ಎಂದಿತು. ವಿಡಿಯೊ ನಾಲ್ಕು ನಿಮಿಷಕ್ಕೆ ಇಳಿಸಿ ಎಂದಿತು. ಹಿರಿಯ ವೀಕ್ಷಕರೊಬ್ಬರು ನನ್ನ ಪಾಠ ನೋಡಿ ಷರಾ ಬರೆದಂತಿತ್ತು ಅದರ ಧಾಟಿ. ನಾನು ನಂಬಿದೆ.

ಎರಡನೇ ವಿಡಿಯೊ ಪೀನ ಮಸೂರದ್ದು. ನಾಲ್ಕೇ ನಿಮಿಷ. ಭೂತಕನ್ನಡಿ, ಬಿಸಿಲು, ಸುಟ್ಟ ಕಾಗದ ಎಲ್ಲ ಇತ್ತು. ಕಿರಣ ರೇಖಾಚಿತ್ರ 40 ಸೆಕೆಂಡಿನಲ್ಲಿ ಮುಗಿಯಿತು. ಸರಾಸರಿ ವೀಕ್ಷಣೆ ಶೇ 46ರಿಂದ ಶೇ 68ಕ್ಕೆ ಏರಿತು. ಸಹಾಯಕ ಅಭಿನಂದಿಸಿತು. ವಿಮರ್ಶಾ ಪಾಠದ ಚರ್ಚೆಯಲ್ಲಿ ಆ ಗ್ರಾಫನ್ನು ಪರದೆಯ ಮೇಲೆ ಹಾಕಿ ತೋರಿಸಿದೆ. ನೀವು ಕೆಲವರು ಚಪ್ಪಾಳೆಯನ್ನೂ ತಟ್ಟಿದಿರಿ.

ಆಮೇಲೆ ಘಟಕ ಪರೀಕ್ಷೆ ಬಂತು. 70 ಮಕ್ಕಳು ಬರೆದರು. ದರ್ಪಣದ ರೇಖಾಚಿತ್ರವನ್ನು ಸರಿಯಾಗಿ ಬರೆದವರು 41. ಮಸೂರದ್ದನ್ನು ಸರಿಯಾಗಿ ಬರೆದವರು 17. ಅಕ್ಷಕ್ಕೆ ಸಮಾಂತರವಾಗಿ ಬಂದ ಕಿರಣವನ್ನು ಎಷ್ಟೋ ಮಕ್ಕಳು ಬಾಗಿಸಿಯೇ ಇರಲಿಲ್ಲ, ಮಸೂರ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ನೇರವಾಗಿ ದಾಟಿಸಿಬಿಟ್ಟಿದ್ದರು. ಎರಡೂ ಬೇರೆ ಬೇರೆ ಪಾಠ, ಇದೇನು ಪ್ರಯೋಗವಲ್ಲ ಎಂಬುದು ಭೌತಶಾಸ್ತ್ರ ಓದಿ ಬಂದ ನನಗೂ ಗೊತ್ತು. ಆದರೂ ಉತ್ತರ ಪತ್ರಿಕೆಗಳ ಕಟ್ಟು ಹಿಡಿದುಕೊಂಡು ಮೆಟ್ರೊದಲ್ಲಿ ಕೆಂಗೇರಿವರೆಗೆ ಬರುವಷ್ಟರಲ್ಲಿ ಹೊಟ್ಟೆಯಲ್ಲಿ ಕಲಸಿದಂತಾಗಿತ್ತು. ಕೆಲವೇ ವಾರಗಳಲ್ಲಿ ನಾನು ಆ ಶಾಲೆ ಬಿಟ್ಟು ಹೋಗುವವಳು. ಮಾರ್ಚಿಯಲ್ಲಿ ಎಸ್‌ಎಸ್‌ಎಲ್‌ಸಿ ಬರೆಯುವವರು ಆ ಮಕ್ಕಳು.

ಮರುದಿನ ಬಿಡುವಿನ ವೇಳೆ ಮಕ್ಕಳನ್ನೇ ಕೇಳಿದೆ. ಮೊದಲೇ ಕೇಳಬೇಕಿತ್ತು.

‘ದರ್ಪಣದ ವಿಡಿಯೊ ಅರ್ಧಕ್ಕೆ ಯಾಕೆ ಬಿಟ್ಟಿರಿ?’

ಯಾರೂ ಬಾಯಿ ಬಿಡಲಿಲ್ಲ. ಬೈಯುತ್ತೇನೆ ಅಂದುಕೊಂಡಿದ್ದರು. ಕೊನೆಗೆ ಒಬ್ಬಳು ಎದ್ದು, ‘ಬಿಟ್ಟಿಲ್ಲ ಮಿಸ್, ಚಿತ್ರ ಬಂತಲ್ಲ, ಸ್ಕ್ರೀನ್‌ಶಾಟ್ ತಗೊಂಡು ಬರೀತಿದ್ವಿ’ ಅಂದಳು. ಹಿಂದಿನಿಂದ ಇನ್ನೊಬ್ಬ, ‘ನಮ್ಮಪ್ಪ ಆಟೊ ತಗೊಂಡು ಹೋಗೋ ಟೈಮಿಗೆ ಫೋನ್ ಕೊಡ್ಬೇಕು ಮಿಸ್. ಅದಕ್ಕೇ ಚಿತ್ರ ನೋಡ್ಕೊಂಡು ಬೇಗ ಬರೆದುಬಿಟ್ಟೆ’ ಅಂದ. ಬಾಯಿಬಿಟ್ಟ ಮೇಲೆ ಎಲ್ಲರದೂ ಹೆಚ್ಚುಕಡಿಮೆ ಅದೇ ಕಥೆ. ನೋಟ್‌ಬುಕ್ ತರಿಸಿ ನೋಡಿದೆ. ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು, ಬಾಣದ ಗುರುತು ಹಾಕಿದ್ದರು. ರೇಖೆ ಬಿದ್ದ ಜಾಗದಲ್ಲೇ ಮಕ್ಕಳು ಕೆಲಸ ಮಾಡುತ್ತಿದ್ದರು.

‘ಹಾಗಾದರೆ 5 ನಿಮಿಷ 10ರಲ್ಲಿ ಏನಿತ್ತು?’ ಎಂದೆ. ಇಡೀ ತರಗತಿ ನಕ್ಕಿತು. ಅಮ್ಮ ಇಟ್ಟಿದ್ದ ಕುಕ್ಕರ್ ಆಗ ವಿಷಲ್ ಹೊಡೆದಿತ್ತು. ನಾನು ಪ್ರಧಾನ ಸಂಗಮ ಎನ್ನುವ ಪದ ಅದರಲ್ಲಿ ಮುಳುಗಿಹೋಗಿತ್ತು. ಪದ ಕೇಳಿಸಲಿಲ್ಲ ಎಂದು ಅರ್ಧ ಜನ ಹಿಂದಕ್ಕೆ ಹೋಗಿ ಕೇಳಿದ್ದರು. ಉಳಿದ ಅರ್ಧ ವಿಷಲ್ ಕೇಳಲೆಂದೇ ಹೋಗಿದ್ದರು. ಅದು ನನ್ನ ಪಾಠದ ಅತ್ಯಂತ ಆಕರ್ಷಕ ಕ್ಷಣ.

ಮನೆಗೆ ಬಂದು ಪೆನ್ನು ಕಾಗದ ಹಿಡಿದೆ. ಒಂಬತ್ತು ನಿಮಿಷದ ಶೇ 46 ಎಂದರೆ 4 ನಿಮಿಷ 8 ಸೆಕೆಂಡು. ನಾಲ್ಕು ನಿಮಿಷದ ಶೇ 68 ಎಂದರೆ 2 ನಿಮಿಷ 43 ಸೆಕೆಂಡು. ನಾನು ಚಪ್ಪಾಳೆ ಗಿಟ್ಟಿಸಿದ ಎರಡನೇ ವಿಡಿಯೊವನ್ನು ಮಕ್ಕಳು ನೋಡಿದ್ದು ಕಡಿಮೆ ಹೊತ್ತು! ಪರದೆಯ ಮುಂದೆ ಕೂತಿದ್ದ ನಮ್ಮಲ್ಲಿ ಒಬ್ಬರಿಗೂ ಆ ಗುಣಾಕಾರ ಹೊಳೆಯಲಿಲ್ಲ.

ಸಹಾಯಕ ಸುಳ್ಳು ಹೇಳಿತು ಎಂದು ನಾನು ಹೇಳುತ್ತಿಲ್ಲ. ನಾನು ಕಾರಣ ಕೇಳಿದೆ, ಅದು ಕಾರಣ ಕೊಟ್ಟಿತು. ಅದರ ಮುಂದಿದ್ದದ್ದು ನೂರು ಸಂಖ್ಯೆ, ವಿಡಿಯೊದ ಮಾತಿನ ಪಠ್ಯ. ನೋಟ್‌ಬುಕ್ ಇರಲಿಲ್ಲ, ಆಟೊ ಇರಲಿಲ್ಲ. ಆಮೇಲೆ ಕುತೂಹಲಕ್ಕೆ ಅದೇ ಅಂಕಿಗಳನ್ನಿಟ್ಟು ಪ್ರಶ್ನೆ ಬದಲಿಸಿದೆ: ‘ಇಲ್ಲಿ ರೇಖೆ ಬೀಳಲು ಏನೇನು ಕಾರಣ ಇರಬಹುದು, ಯಾವುದು ನಿಜ ಎಂದು ತಿಳಿಯಲು ನಾನು ತರಗತಿಯಲ್ಲಿ ಏನು ಕೇಳಬೇಕು?’ ಆರು ಕಾರಣ ಕೊಟ್ಟಿತು. ನಾಲ್ಕನೆಯದು ಚಿತ್ರವನ್ನು ಬರೆದುಕೊಳ್ಳಲು ನಿಲ್ಲಿಸಿರಬಹುದು ಎಂಬುದು. ಅಂದರೆ ಕೊಂಡಿಯಲ್ಲಿ ದೋಷವಿರಲಿಲ್ಲ. ಪ್ರಶ್ನೆ ಕೇಳುವ ಕೌಶಲಕ್ಕೆ ಸೂಕ್ಷ್ಮ ಬೋಧನೆಯಲ್ಲಿ ನನಗೆ ಒಳ್ಳೆಯ ಅಂಕವೇ ಬಂದಿತ್ತು, ಅದು ಬೇರೆ ಮಾತು.

ಗ್ರಾಫ್ ಇಲ್ಲದ ಕಾಲವನ್ನೂ ನಾವು ಕಂಡಿದ್ದೇವೆ. 2020ರಲ್ಲಿ ಶಾಲೆ ಮುಚ್ಚಿದಾಗ, ನಮ್ಮ ರಾಜಾಜಿನಗರದ ಶಾಸಕರೂ ಆಗಿದ್ದ ಎಸ್. ಸುರೇಶ್ ಕುಮಾರ್ ಶಿಕ್ಷಣ ಸಚಿವರಾಗಿದ್ದ ಹೊತ್ತಿನಲ್ಲಿ, ‘ಮಕ್ಕಳ ವಾಣಿ’ ಎಂಬ ಯೂಟ್ಯೂಬ್ ಚಾನೆಲ್ ಬಂತು. ದೂರದರ್ಶನ ಚಂದನದಲ್ಲಿ ಪ್ರೌಢಶಾಲಾ ಮಕ್ಕಳಿಗೆ ಪಾಠಗಳು ಬಂದವು. ನನ್ನ ತಂಗಿ ಆಗ ಒಂಬತ್ತನೇ ತರಗತಿ. ಟಿ.ವಿ. ಮುಂದೆ ಅವಳು ಎಷ್ಟು ನಿಮಿಷ ಕೂತಳೋ ಅವಳ ಟೀಚರಿಗೆ ತಿಳಿಯುವ ದಾರಿ ಇರಲಿಲ್ಲ. ಅದಕ್ಕೇ ಅವರು ಸಂಜೆ ಫೋನ್ ಮಾಡಿ, ‘ಇವತ್ತು ನೋಡಿದ್ದರಲ್ಲಿ ಒಂದು ಚಿತ್ರ ಬರೆದು ಕಳಿಸಮ್ಮ’ ಎನ್ನುತ್ತಿದ್ದರು. ವಿದ್ಯಾಗಮ ಶುರುವಾದಾಗ ಶಿಕ್ಷಕರು ಗುಡಿಯ ಜಗಲಿಗೆ, ಮರದ ನೆರಳಿಗೆ ಹೋಗಿ ಕೂತರು. ಆ ಕಷ್ಟ ಮತ್ತೆ ಬರಲಿ ಎಂದಲ್ಲ. ಆಗ ತಿಳಿಯದ್ದನ್ನು ಕೇಳಲೇಬೇಕಿತ್ತು. ಈಗ ತಿಳಿದಿದೆ ಎಂಬ ಭ್ರಮೆಯಲ್ಲಿ ನಾನು ಹದಿನೈದು ದಿನ ಒಂದು ಮಗುವನ್ನೂ ಕೇಳಲಿಲ್ಲ.

ಉಪಯೋಗವಿಲ್ಲ ಎಂದರೆ ನನ್ನದೇ ತಪ್ಪಾಗುತ್ತದೆ. ನಮ್ಮ ಬ್ಯಾಚಿನ ಹನ್ನೆರಡು ಜನರ ವಿಡಿಯೊಗಳನ್ನು ಒಟ್ಟಿಗೆ ಇಟ್ಟು ಹೋಲಿಸಲು ಹೇಳಿದಾಗ ಸಹಾಯಕ ನಿಮಿಷದಲ್ಲಿ ಪಟ್ಟಿ ಮಾಡಿತು. ಎಲ್ಲರ ರೇಖೆಯೂ ಮೊದಲ ಅರ್ಧ ನಿಮಿಷದಲ್ಲೇ ಕುಸಿದಿತ್ತು. ನೋಡಿದರೆ ಎಲ್ಲರೂ ಅಲ್ಲಿ ಹೇಳಿದ್ದು ಒಂದನ್ನೇ: ನಮಸ್ಕಾರ ಮಕ್ಕಳೇ, ನನ್ನ ಹೆಸರು ಇಂಥದ್ದು, ನಾನು ಇಂಥ ಕಾಲೇಜಿನ ಪ್ರಶಿಕ್ಷಣಾರ್ಥಿ, ಇಂದಿನ ಪಾಠದ ಉದ್ದೇಶಗಳು. ಪಾಠಯೋಜನೆಯ ಮೊದಲ ಪುಟವನ್ನು ಓದಿದಂತೆ. ಮಕ್ಕಳನ್ನು ಕೇಳಿದಾಗಲೂ ಅದೇ ಬಂತು, ಅಲ್ಲಿ ಓಡಿಸಿಬಿಡುತ್ತಾರಂತೆ. ಇದನ್ನು ನಾವು ಬರಿಗಣ್ಣಿನಲ್ಲಿ ಹಿಡಿಯುತ್ತಿರಲಿಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಯೂಟ್ಯೂಬ್ ಯಾವ ಮಗು ನೋಡಿತು ಎಂದು ಹೆಸರು ಕೊಡುವುದಿಲ್ಲ. ‘ಪ್ರತಿ ಮಗುವಿಗೂ ಬೇರೆ ಲಿಂಕ್ ಮಾಡಿಕೊಡಲೇ? ಯಾರು ಎಷ್ಟು ನೋಡಿದರು ಗೊತ್ತಾಗುತ್ತದೆ’ ಎಂದು ಅಣ್ಣ ಕೇಳಿದ. ಮೇಡಂ ಬೇಡ ಎಂದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ. ಪೋಷಕರ ಒಪ್ಪಿಗೆ ಕೇಳುತ್ತದೆ, ಮಕ್ಕಳ ನಡವಳಿಕೆಯ ಮೇಲೆ ಕಣ್ಣಿಡುವುದನ್ನು ತಡೆಯುತ್ತದೆ. ಶೈಕ್ಷಣಿಕ ಚಟುವಟಿಕೆಯ ಮಟ್ಟಿಗೆ ಶಾಲೆಗಳಿಗೆ ನಿಯಮಗಳಲ್ಲಿ ವಿನಾಯಿತಿ ಉಂಟು. ವಿನಾಯಿತಿ ಇದೆ ಎಂದ ಮಾತ್ರಕ್ಕೆ, ಅಪ್ಪನ ಆಟೊ ಹೊರಡುವ ಹೊತ್ತಿಗೆ ಫೋನ್ ಕೊಟ್ಟ ಹುಡುಗನ ಹೆಸರಿನ ಮುಂದೆ ‘ಶೇ 40’ ಎಂದು ಬರೆದುಕೊಳ್ಳಬೇಕೆ?

ಈಗ ಐದು ಅಂಕ. ಆ ಅಂಕವನ್ನು ಗ್ರಾಫಿಗೆ ಇಟ್ಟರೆ ನಾವೆಲ್ಲ ರೇಖಾಚಿತ್ರ ಕತ್ತರಿಸುತ್ತೇವೆ, ಸಂಖ್ಯಾ ಸಮಸ್ಯೆ ಬಿಡುತ್ತೇವೆ, ವಿಷಲ್ ಹಾಕುತ್ತೇವೆ. ಪ್ರಶಿಕ್ಷಣಾರ್ಥಿಗಳು ಅಂಕ ಎಲ್ಲಿದೆಯೋ ಅಲ್ಲಿಗೆ ಹೋಗುವವರು, ಗುರುಗಳಿಗೆ ಇದು ಹೊಸದಲ್ಲ. ಅಂಕ ಇಡಲೇಬೇಕಾದರೆ ರೆಕಾರ್ಡ್ ಪುಸ್ತಕದಲ್ಲಿ ಒಂದು ಪುಟ ಮಾಡಿ. ಗ್ರಾಫ್ ತೆರೆಯುವ ಮೊದಲೇ ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ಪ್ರಶಿಕ್ಷಣಾರ್ಥಿ ತನ್ನ ಊಹೆ ಬರೆಯಲಿ. ಅದರ ಕೆಳಗೆ ಸಹಾಯಕ ಹೇಳಿದ ಕಾರಣಗಳು ಬರಲಿ. ಕೆಳಗಿನ ಅರ್ಧ ಪುಟ ಮಕ್ಕಳು ಹೇಳಿದ್ದಕ್ಕೆ, ಅವರದೇ ಮಾತಿನಲ್ಲಿ. ಅಂಕ ಆ ಅರ್ಧ ಪುಟಕ್ಕೆ.

ಬರುವ ವಾರ ಪೀನ ಮಸೂರವನ್ನು ಮತ್ತೆ ಚಿತ್ರೀಕರಿಸುತ್ತಿದ್ದೇನೆ. ಈ ಸಲ ಕುಕ್ಕರ್ ಇಳಿದ ಮೇಲೆ. ರೇಖಾಚಿತ್ರವನ್ನು ನಿಧಾನವಾಗಿ ಬರೆದು ತೋರಿಸಿ, ‘ಇಲ್ಲಿಗೆ ಸ್ಕ್ರೀನ್‌ಶಾಟ್ ತಗೊಂಡು ಫೋನ್ ಮನೆಯವರಿಗೆ ಕೊಟ್ಟುಬಿಡಿ, ಬರೆದು ನಾಳೆ ನನಗೆ ತೋರಿಸಿ’ ಎಂದು ನಾನೇ ಹೇಳುತ್ತೇನೆ. ರೇಖೆ ಅಲ್ಲಿ ಇನ್ನೂ ಕೆಳಗೆ ಬೀಳುತ್ತದೆ. ಆ ಗ್ರಾಫನ್ನೇ ಮುದ್ರಿಸಿ ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿ ಮೇಡಂ ಸಹಿಗೆ ಇಡುತ್ತೇನೆ.