ಪಾಸಿಂಗ್ ಪ್ಯಾಕೇಜೆಂಬ ಬೂಸಾ

ಹತ್ತನೇ ಕ್ಲಾಸಿನ ಇಂಗ್ಲಿಷಿಗೆ ನಮ್ಮ ಹೈಸ್ಕೂಲುಗಳಲ್ಲಿ ಎರಡು ಪಂಕ್ತಿ. ಮುಂದಿನ ಪಂಕ್ತಿಗೆ ಪಾಠ, ಪದ್ಯ, ವ್ಯಾಕರಣ ಎಲ್ಲ ಬಡಿಸುತ್ತಾರೆ. ಹಿಂದಿನ ಪಂಕ್ತಿಗೆ ‘ಪಾಸಿಂಗ್ ಪ್ಯಾಕೇಜ್’. ಪಂಕ್ತಿಭೇದ ಸತ್ತು ಎಷ್ಟೋ ಕಾಲವಾಯ್ತು ಅಂತ ಭಾಷಣ ಬಿಗಿಯೋರು ಪರೀಕ್ಷೆ ಹತ್ತಿರ ಬಂದಾಗ ಒಂದು ಸಲ ಬಂದು ನೋಡಲಿ.

ಪಟ್ಟಣದ ಓದುಗರಿಗೆ ಇದೇನಂತ ಬಿಡಿಸಿ ಹೇಳಬೇಕು. ದ್ವಿತೀಯ ಭಾಷೆ ಇಂಗ್ಲಿಷಿಗೆ 100 ಅಂಕ. 80 ಬರೆಯೋ ಪರೀಕ್ಷೆಗೆ, 20 ಶಾಲೆಯವರೇ ಕೊಡೋದು. ದಡ ಮುಟ್ಟೋಕೆ ಎಷ್ಟು ಬೇಕೋ ಅಷ್ಟನ್ನೇ ತೂಗಿ ಒಂದಷ್ಟು ಹಾಳೆ ಕಟ್ಟಿಕೊಡ್ತಾರೆ. ಪತ್ರದ ತಲೆ ಒಂದು, ಬಾಲ ಒಂದು, ಉರು ಹೊಡಿ. ಕಂಠಪಾಠದ ಪದ್ಯ, ಉರು ಹೊಡಿ. ಕೊಟ್ಟ ಮಾಹಿತಿಗೆ ಒಂದು ‘ಹೀ’ಯೋ ‘ಷೀ’ಯೋ ಅಂಟಿಸಿ ವ್ಯಕ್ತಿಪರಿಚಯ ಬರಿ. ಹುಡುಗಿ ದುಂಡಗೆ ಬರೀತಾಳೆ. ಬರೆದದ್ದನ್ನ ಓದವ್ವ ಅಂದ್ರೆ ನೆಲ ನೋಡ್ತಾಳೆ.

ಈ ಹಾಳೆ ಯಾರ ಕೈಗೆ ಬರ್ತದೆ? ‘ನಿಧಾನ ಕಲಿಕೆಯವರು’ ಅಂತ ಅವರಿಗೊಂದು ಹೆಸರಿಟ್ಟಿದ್ದಾರೆ. ಬೆಳಗಿನ ಜಾವ ಕಬ್ಬಿನ ಗದ್ದೆಲಿ ತರಗು ಸುಲಿದು ಬಂದ ಮಗು ನಿಧಾನವಂತೆ. ಟ್ಯೂಷನ್ನಿಗೆ ಕಾಸಿರೋ ಮನೆ ಮಗು ಚುರುಕಂತೆ. ಇವರು ಅಳೆದದ್ದು ಬುದ್ಧಿಯನ್ನಲ್ಲ, ಮನೆಯನ್ನ. ನಾನೂ ಆ ಬೆಂಚಿನಲ್ಲೇ ಕೂತೆದ್ದವನು, ಶಾಲೆಯ ಹೆಸರು ಬೇಡ. ನನ್ನ ಅಕ್ಕಪಕ್ಕ ಇದ್ದೋರೆಲ್ಲ ಹೆಚ್ಚುಕಮ್ಮಿ ನಮ್ಮ ಕೇರಿಯವರೇ.

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ 1932ರಲ್ಲಿ ಹುಟ್ಟಿದ ಎಸ್.ಎಂ. ಕೃಷ್ಣ ಮೈಸೂರಿನ ಮಹಾರಾಜ ಕಾಲೇಜು ದಾಟಿ ಅಮೆರಿಕದ ಡಲ್ಲಾಸಿಗೆ ಹೋಗಿ ಓದಿದರು. ಮುಖ್ಯಮಂತ್ರಿಯಾದರು, ವಿದೇಶಾಂಗ ಮಂತ್ರಿಯೂ ಆದರು. ಹಾಗಾಗಿ ಸೋಮನಹಳ್ಳಿ ಮಣ್ಣಿಗೆ ಇಂಗ್ಲಿಷ್ ಒಗ್ಗಲ್ಲ ಅಂತ ಯಾರೂ ಹೇಳಂಗಿಲ್ಲ. ಒಗ್ಗದೆ ಇರೋದು ಅದೇ ಮಣ್ಣಲ್ಲಿ ಕೂಲಿ ಮಾಡೋರ ಮಕ್ಕಳಿಗೆ ಮಾತ್ರವೋ?

1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾವೇ ಹೆಚ್ಚು, ಇಂಗ್ಲಿಷ್ ಕಲೀರಿ ಅಂದರು. ದಲಿತ ವಿದ್ಯಾರ್ಥಿಗಳ ಬೆನ್ನ ಮೇಲೆ ಏಟು ಬಿತ್ತು, ಅವರ ಮಂತ್ರಿಗಿರಿ ಹೋಯ್ತು. ನಾನು ಪದ್ಯ ಕಟ್ಟೋದು ಕನ್ನಡದಲ್ಲೇ, ಅದು ನನ್ನವ್ವನ ಮಾತು. ಹಾಗಂತ ಆ ಮನುಷ್ಯ ಕೇಳಿದ್ದು ತಪ್ಪಾಗಲ್ಲ. 2007ರಲ್ಲಿ ಸರ್ಕಾರಿ ಶಾಲೆಗೆ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಬಂತು. ಬಂದದ್ದು ಹತ್ತನೇ ಕ್ಲಾಸು ಮುಟ್ಟೋ ಹೊತ್ತಿಗೆ ನಮ್ಮ ಪಾಲಿಗೆ ತಾನೇ ಬೂಸಾ ಆಗಿದೆ. ದನಕ್ಕೆ ಬೂಸಾ ಇಡೋದು ಹಾಲು ಕರೆಯೋಕೆ. ಇಲ್ಲಿ ಕರೆಯೋದು ಶೇಕಡಾವಾರು ಫಲಿತಾಂಶ. ಜಿಲ್ಲೆಗೆ ಎಷ್ಟನೇ ಸ್ಥಾನ ಅಂತ ಮಾರನೇ ದಿನ ಪೇಪರಲ್ಲಿ ಬರ್ತದಲ್ಲ, ಅದು.

ಬಾಬಾಸಾಹೇಬರು ಹೈಸ್ಕೂಲಲ್ಲಿ ಸಂಸ್ಕೃತ ಬೇಕು ಅಂದಾಗ ಕೊಡಲಿಲ್ಲ, ಪರ್ಷಿಯನ್ ಓದಬೇಕಾಯ್ತು. ಅವತ್ತು ಬಾಯಿಬಿಟ್ಟು ಜಾತಿ ಅಂದರು. ಇವತ್ತು ಕಿರುಪರೀಕ್ಷೆ ಅಂಕ ಅಂತಾರೆ. ಅಮೆರಿಕದ ವಾಷಿಂಗ್ಟನ್ನಿನಲ್ಲಿ ಹಿಂಗೇ ಸಾಮರ್ಥ್ಯದ ಹೆಸರಲ್ಲಿ ಮಕ್ಕಳನ್ನ ದಾರಿ ದಾರಿಯಾಗಿ ವಿಂಗಡಿಸಿದ್ದರು. 1967ರಲ್ಲಿ ಜಡ್ಜ್ ಸ್ಕೆಲ್ಲಿ ರೈಟ್ ಅದು ಕಪ್ಪು ಮಕ್ಕಳಿಗೂ ಬಡವರಿಗೂ ಮಾಡಿದ ಅನ್ಯಾಯ ಅಂತ ಹೇಳಿ ರದ್ದು ಮಾಡಿದ. ನಮ್ಮಲ್ಲಿ ಅದಕ್ಕೆ ಸುತ್ತೋಲೆ, ಶಹಬ್ಬಾಸ್‌ಗಿರಿ.

ಮೇಷ್ಟ್ರ ಕಷ್ಟ ಗೊತ್ತಿಲ್ಲ ಅಂತಲ್ಲ. ಫೇಲಾದರೆ ಹುಡುಗಿಗೆ ಮದುವೆ, ಹುಡುಗನಿಗೆ ಬೆಂಗಳೂರಿನ ಗಾರೆ ಕೆಲಸ. ಪಾಸಾದರೆ ತಾನೇ ಪಿಯುಸಿ ಅಂತಾರೆ. ಸರಿ. ಪಿಯುಸಿಯಲ್ಲೂ ಇಂಗ್ಲಿಷಿದೆಯಲ್ಲ ಸ್ವಾಮಿ? ಅಲ್ಲಿ ಮುಗ್ಗರಿಸಿದವರ ಲೆಕ್ಕ ಯಾವ ಹೈಸ್ಕೂಲಿನ ಬೋರ್ಡಿನಲ್ಲಿ ಬರೆದಿದ್ದೀರಿ?

ಬೇರೆ ಕೂರಿಸಲೇಬೇಕಾ, ಕೂರಿಸಿ. ಆದರೆ ಹತ್ತನೇ ಕ್ಲಾಸಿನ ಕೊನೇ ತಿಂಗಳಲ್ಲಲ್ಲ, ಎಂಟನೇ ಕ್ಲಾಸಿನ ಜೂನಿನಲ್ಲಿ. ಶಾಲೆಯಲ್ಲಿ ಇಂಗ್ಲಿಷ್ ಚೆನ್ನಾಗಿ ಬರೋ ಮೇಷ್ಟ್ರು ಯಾರಿದ್ದಾರೋ ಅವರನ್ನ ಆ ಕೋಣೆಗೆ ಕಳಿಸಿ, ದಿನಕ್ಕೆ ಎರಡು ಪೀರಿಯಡ್ ಕೊಡಿ, ಮಾತಾಡೋದು ಕಲಿಸಿ. ಮುಂದಿನ ಬೆಂಚಿನವರದ್ದು ಅವರಿಲ್ಲದೆಯೂ ನಡೀತದೆ, ಸಂಜೆಗೆ ಟ್ಯೂಷನ್ ಇದೆ.