ಅರಳು ಮರಳೆಂದು ಕೈಬಿಡುವ ಮುನ್ನ

'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಈ ಗಾದೆಯ ಮೇಲೆ ನನ್ನದೊಂದು ದೂರುಂಟು. ಚಿಕಿತ್ಸೆಯಿಂದ ಗುಣವಾಗಬಹುದಾದ ಕಾಯಿಲೆಯನ್ನೂ ಅದು ವಯೋಧರ್ಮದ ಲೆಕ್ಕಕ್ಕೆ ಸೇರಿಸಿಬಿಡುತ್ತದೆ.

ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಂತಹ ಊರಿನ ಒಂದು ಒಕ್ಕಲುತನದ ಮನೆಯನ್ನು ಊಹಿಸಿಕೊಳ್ಳಿ. ಹೊಲದ ಬದುವಿನ ಒಂದೊಂದು ಕಲ್ಲನ್ನೂ ಬಲ್ಲ ಮುತ್ಯಾ ಕೆಲವು ವಾರಗಳಿಂದ ದಾರಿ ತಪ್ಪುತ್ತಿದ್ದಾನೆ; ಮೊಮ್ಮಗನ ಹೆಸರು ಬಾಯಿಗೆ ಬಾರದು; ಹಗಲೆಲ್ಲ ತೂಕಡಿಕೆ. ವಯಸ್ಸಾಯಿತೆಂದು ಮನೆಯವರು ಸುಮ್ಮನಾಗುತ್ತಾರೆ. ಎರಡು ತಿಂಗಳ ಹಿಂದೆ ಆತ ಬಚ್ಚಲಲ್ಲಿ ಜಾರಿಬಿದ್ದದ್ದು ಯಾರ ನೆನಪಿಗೂ ಬಾರದು! ಮುಪ್ಪಿನಲ್ಲಿ ಮಿದುಳು ತುಸು ಕುಗ್ಗುವುದರಿಂದ ಅದರ ಹೊರಮೈಯಿಂದ ಹೊರಡುವ ಸಣ್ಣ ರಕ್ತನಾಳಗಳು ಬಿಗಿದು ನಿಂತಿರುತ್ತವೆ. ಅಲ್ಪ ಪೆಟ್ಟಿಗೂ ಅವು ಹರಿದು, ರಕ್ತವು ವಾರಗಟ್ಟಲೆ ಮೆಲ್ಲನೆ ಸೇರಿ ಮಿದುಳನ್ನು ಒತ್ತಬಹುದು. ತಲೆಬುರುಡೆಗೆ ಚಿಕ್ಕ ರಂಧ್ರ ಕೊರೆದು ಆ ರಕ್ತವನ್ನು ಹೊರಹರಿಸಿದರೆ, ಹೋದ ನೆನಪು ಮರಳುವುದುಂಟು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೆನಪು ಮತ್ತು ಬುದ್ಧಿ ಕುಂದಿದ 129 ರೋಗಿಗಳ ಪೈಕಿ 24 ಮಂದಿಯ ಕಾಯಿಲೆ ಗುಣಪಡಿಸಬಹುದಾದ ಬಗೆಯದಾಗಿತ್ತು. ಮಿದುಳಿನ ಸೋಂಕು, ಮಿದುಳಿನ ಕುಹರಗಳಲ್ಲಿ ದ್ರವ ತುಂಬಿಕೊಳ್ಳುವಿಕೆ, ಬಿ12 ಜೀವಸತ್ವದ ಕೊರತೆ ಮುಖ್ಯ ಕಾರಣಗಳು. (ಇದು ಆಸ್ಪತ್ರೆಗೆ ಬಂದವರ ಲೆಕ್ಕ, ಊರಿನ ಲೆಕ್ಕವಲ್ಲ.)

ಜೋಳದ ರೊಟ್ಟಿ, ಬೇಳೆ, ಪಲ್ಲೆಗಳಲ್ಲಿ ಬಿ12 ಇಲ್ಲ. ಹಾಲು, ಮೊಟ್ಟೆ, ಮಾಂಸಗಳಲ್ಲುಂಟು. ಹಾಲುಂಡರೂ ಇಳಿವಯಸ್ಸಿನ ಜಠರ ಅದನ್ನು ಸರಿಯಾಗಿ ಹೀರಿಕೊಳ್ಳಲು ನೆರವಾಗದಿರಬಹುದು. ಯಕೃತ್ತಿನಲ್ಲಿರುವ ಸಂಗ್ರಹ ಹಲವು ವರ್ಷ ಸಾಲುವುದರಿಂದ ಕೊರತೆ ಸದ್ದಿಲ್ಲದೆ ಬೆಳೆಯುತ್ತದೆ. ಮರೆವಿನೊಡನೆ ಪಾದಗಳಲ್ಲಿ ಜೋಮೂ ಇದ್ದರೆ ಸಂಶಯ ಬಲವಾಗಬೇಕು. ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಚುಚ್ಚುಮದ್ದು ಅಗ್ಗ. ತಡವಾದರೆ ಮಾತ್ರ ನರಗಳಿಗಾದ ಹಾನಿ ಉಳಿದುಬಿಡುತ್ತದೆ. ಥೈರಾಯ್ಡ್ ಗ್ರಂಥಿಯ ಮಾಂದ್ಯ, ಮನಸ್ಸಿನ ಖಿನ್ನತೆ, ನಿದ್ರೆಯ ಗುಳಿಗೆ, ಅತಿಯಾದ ಮದ್ಯಪಾನ ಇವೂ ನೆನಪನ್ನು ಕೆಡಿಸುತ್ತವೆ.

ಜರ್ಮನಿಯ ವೈದ್ಯ ಆಲ್ಝೈಮರ್ 1906ರಲ್ಲಿ ವರ್ಣಿಸಿದ ಕಾಯಿಲೆ ಇಂದಿಗೂ ವಾಸಿಯಾಗದು. ವೃದ್ಧರಲ್ಲಿ ಅದೇ ಹೆಚ್ಚೆಂಬುದೂ ನಿಜ. ಆದರೆ ಅದು ಆಲ್ಝೈಮರ್ ಕಾಯಿಲೆಯೇ ಎಂದು ಹೇಳಲು ಮೊದಲು ಉಳಿದ ಕಾರಣಗಳನ್ನು ಶೋಧಿಸಲೇಬೇಕು. ಈ ಶೋಧನೆಗಾಗಿ ವೃದ್ಧರನ್ನು ದೂರದ ನಗರಕ್ಕೆ ಅಲೆಸಬಾರದು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ರಕ್ತ ತೆಗೆದು ಪರೀಕ್ಷೆಗೆ ಕಳುಹಿಸುವ ಏರ್ಪಾಡಿರಬೇಕೆಂಬುದು ನನ್ನ ವಾದ. ವೈದ್ಯರು ಮೊದಲು ಕೇಳುವ ಪ್ರಶ್ನೆಗಳಿಗಂತೂ ಹಣ ಬೇಡ. ಮರೆವು ಎಂದಿನಿಂದ? ನಡುವೆ ಬಿದ್ದದ್ದುಂಟೆ? ಯಾವ ಗುಳಿಗೆ ನುಂಗುತ್ತಿದ್ದಾರೆ? ಓದುಬರಹ ಬಲ್ಲ ಮೊಮ್ಮಕ್ಕಳು ಇವನ್ನು ಒಂದು ಚೀಟಿಯಲ್ಲಿ ಬರೆದು ಮುತ್ಯಾನೊಡನೆ ಆಸ್ಪತ್ರೆಗೆ ಒಯ್ಯಬಹುದು.