ರಾಜ್ಯೋತ್ಸವದ ಹಿಂದಿನ ರಾತ್ರಿ

ನಮ್ಮ ಸಂಘದ ಕಳೆದ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಖಂಡನಾ ನಿರ್ಣಯವೊಂದನ್ನು ಮಂಡಿಸಿದರು. ಹೊರನಾಡು ಮತ್ತು ಹೊರದೇಶಗಳ ಕನ್ನಡ ಮನೆಗಳಲ್ಲಿ ಹ್ಯಾಲೋವೀನ್ ಎಂಬ 'ಪಿಶಾಚಿ ಹಬ್ಬ' ಆಚರಣೆಗೊಳ್ಳುತ್ತಿರುವುದು ವಿಷಾದಕರವೆಂದೂ ತಂದೆತಾಯಿಗಳು ಇದನ್ನು ತಡೆಯಬೇಕೆಂದೂ ಅದರ ಸಾರಾಂಶ. ನಿರ್ಣಯ ಅಂಗೀಕಾರವಾಯಿತು. ವಿರೋಧವಾಗಿ ಬಿದ್ದ ಏಕೈಕ ಮತ ನನ್ನದು. ಕಾರಣ ವಿವರಿಸಲು ನನಗೆ ದೊರೆತ ಅವಕಾಶ ಎರಡು ನಿಮಿಷ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಹಬ್ಬದ ಜಾತಕವನ್ನು ನೋಡೋಣ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಸಂಧಿಕಾಲದಲ್ಲಿ ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಜನ ಆಚರಿಸುತ್ತಿದ್ದ 'ಸೌವಿನ್' ಎಂಬ ಹಬ್ಬ ಇದರ ಹಿನ್ನೆಲೆಯಲ್ಲಿದೆ. ಆ ರಾತ್ರಿ ಸತ್ತವರಿಗೂ ಬದುಕಿರುವವರಿಗೂ ನಡುವಣ ತೆರೆ ತೆಳುವಾಗುತ್ತದೆ ಎಂಬುದು ನಂಬಿಕೆ. ಕ್ರೈಸ್ತ ಧರ್ಮಸಭೆಯ ಪಂಚಾಂಗದಲ್ಲಿ ನವೆಂಬರ್ 1 ಸರ್ವ ಸಂತರ ದಿನ. ಅದರ ಹಿಂದಿನ ಸಂಜೆಯೆಂಬ ಅರ್ಥದಿಂದಲೇ ಹ್ಯಾಲೋವೀನ್ ಎಂಬ ಹೆಸರು. 1845ರಲ್ಲಿ ಆರಂಭವಾದ ಆಲೂಗಡ್ಡೆ ಕ್ಷಾಮದಿಂದ ಕಂಗೆಟ್ಟು ಹಡಗು ಹತ್ತಿದ ಐರಿಷ್ ಬಡವರು ಈ ಆಚರಣೆಯನ್ನು ಅಮೆರಿಕದಲ್ಲಿ ಬೇರೂರಿಸಿದರು. ಊರಿನಲ್ಲಿ ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪವಿಡುತ್ತಿದ್ದವರಿಗೆ ಅಲ್ಲಿ ಕುಂಬಳಕಾಯಿ ಸಿಕ್ಕಿತು. ಅಂದರೆ ಇದು ಊರು ಬಿಟ್ಟವರು ಮಡಿಲಲ್ಲಿ ಕಟ್ಟಿಕೊಂಡು ಹೋದ ಹಬ್ಬ. ಹೊರನಾಡ ಕನ್ನಡಿಗರಾದ ನಾವೇ ಅದನ್ನು ಹೀಗಳೆಯುವುದು ವಿಚಿತ್ರವಲ್ಲವೆ?

ಪಿಶಾಚಿಯ ಆಕ್ಷೇಪವನ್ನೂ ಪರಿಶೀಲಿಸೋಣ. ಮಹಾಲಯ ಅಮಾವಾಸ್ಯೆಯಂದು ಪಿತೃಗಳಿಗೆ ಎಡೆಯಿಡುವ, ತುಳುನಾಡಿನಲ್ಲಿ ಭೂತಗಳಿಗೆ ಕೋಲ ಕೊಡುವ ನಾಡಿನವರು ನಾವು. ಸತ್ತವರು ವರ್ಷಕ್ಕೊಮ್ಮೆ ಬಂದುಹೋಗುತ್ತಾರೆಂದು ನಂಬುವುದು ಅನಾಗರಿಕವೆಂದಾದರೆ ಆ ಅನಾಗರಿಕತೆಯಲ್ಲಿ ನಮ್ಮ ಪಾಲೂ ಸಾಕಷ್ಟಿದೆ.

ಇನ್ನು ನಾನು ಕಣ್ಣಾರೆ ಕಂಡದ್ದು. 2024ರ ಅಕ್ಟೋಬರಿನಲ್ಲಿ, ಇಲಾಖೆಯ ಅನುಮತಿ ಪಡೆದು, ನ್ಯೂಜೆರ್ಸಿಯಲ್ಲಿರುವ ನನ್ನ ಸೋದರಸೊಸೆಯ ಮನೆಗೆ ಹೋಗಿದ್ದೆ. ಅಣ್ಣತಮ್ಮಂದಿರಿಬ್ಬರ ಸಂಸಾರ ಒಂದೇ ಸೂರಿನಡಿ ಇರುವ ಮನೆ ಅದು. ಇಬ್ಬರಿಂದ ಆರು ಮಕ್ಕಳು. ಹಿರಿಯಳಿಗೆ ಹನ್ನೊಂದು, ಕಿರಿಯನಿಗೆ ಎರಡು. ಆ ವರ್ಷ ನರಕ ಚತುರ್ದಶಿಯೂ ಹ್ಯಾಲೋವೀನೂ ಅಕ್ಟೋಬರ್ 31ರಂದೇ ಬಿದ್ದಿದ್ದವು. ಬೆಳಗಿನ ಜಾವ ಎಣ್ಣೆ ಹಚ್ಚಿಸಿಕೊಂಡು ಮಿಂದ ಮಕ್ಕಳೇ ಸಂಜೆ ವೇಷ ಕಟ್ಟಲು ಕುಳಿತರು.

ಆ ಮನೆಯಲ್ಲಿ ಅಂಗಡಿಯಿಂದ ಕೊಂಡ ವೇಷ ಒಂದೂ ಇರಲಿಲ್ಲ. "ಮಾವ, ಆರು ಜನಕ್ಕೂ ಕೊಂಡರೆ ಒಂದು ವಾರದ ದಿನಸಿಯ ದುಡ್ಡು ಹೋಗುತ್ತದೆ. ಮರುವರ್ಷ ಯಾರಿಗೂ ಹಿಡಿಸುವುದಿಲ್ಲ" ಎಂದಳು ಸೊಸೆ. ಎಂಟು ವರ್ಷದವನು ಕಪ್ಪು ಅಂಗಿಯ ಮೇಲೆ ಬಿಳಿ ಪಟ್ಟಿ ಅಂಟಿಸಿ ಅಸ್ಥಿಪಂಜರವಾದ. ಪಕ್ಕೆಲುಬು ಹನ್ನೆರಡು ಜೊತೆಯೆಂದು ಪುಸ್ತಕ ನೋಡಿ ಎಣಿಸಿಯೇ ಅಂಟಿಸಿದ. ಆರು ವರ್ಷದ ಅವಳಿಗಳು ಹಳೆಯ ಕಿತ್ತಳೆ ಬಣ್ಣದ ಉಡುಪಿಗೆ ಕರಿಪಟ್ಟೆ ಬಳಿದು ಹುಲಿವೇಷ ಹಾಕಿದರು. ನಾಲ್ಕು ವರ್ಷದವಳು, ಎರಡು ವರ್ಷಗಳ ಹಿಂದೆ ಅವಳಿಗಳಲ್ಲೊಬ್ಬಳು ತೊಟ್ಟ ರೆಕ್ಕೆಗಳನ್ನೇ ತೊಟ್ಟಳು. ಹಿರಿಯಳು ಮಾತ್ರ ಒನಕೆ ಓಬವ್ವ: ಅಜ್ಜಿಯ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ರತ್ನಗಂಬಳಿ ಸುತ್ತಿ ಬಂದ ರಟ್ಟಿನ ಕೊಳವೆಯನ್ನು ಒನಕೆಯಾಗಿ ಹಿಡಿದಳು.

ಕುಂಬಳಕಾಯಿಯ ಕೆಲಸದಲ್ಲಿಯೂ ವಯಸ್ಸಿಗೆ ತಕ್ಕ ಪಾಲಿತ್ತು. ಚಾಕು ದೊಡ್ಡವರ ಕೈಯಲ್ಲಿ. ಕಣ್ಣು ಮೂಗು ಗೆರೆಯೆಳೆಯುವುದು ನಡುವಿನವರದು. ಚಮಚದಿಂದ ತಿರುಳು ಬಗೆಯುವುದು ಚಿಕ್ಕವರದು. ಬೀಜವನ್ನು ತೊಳೆದು, ಆರಿಸಿ, ಉಪ್ಪು ಖಾರ ಹಾಕಿ ಹುರಿದರು. ಕೊರೆದ ಕಾಯಿಯೊಳಗೆ ಊರಿನಿಂದ ತಂದ ಹಣತೆ ಹೊತ್ತಿತು. ಮಕ್ಕಳಿಗೆ ಮೊದಲೇ ಹೊಟ್ಟೆತುಂಬ ಅನ್ನ ಸಾರು ಉಣಿಸಿ, ಬಾಗಿಲಲ್ಲಿ ಮಿಠಾಯಿ ಕೊಡಲು ಒಬ್ಬರನ್ನು ಬಿಟ್ಟು, ಉಳಿದವರೆಲ್ಲ ಟಾರ್ಚು ಹಿಡಿದು ಹೊರಟೆವು. ಮುಂಬಾಗಿಲ ದೀಪ ಉರಿಯುತ್ತಿದ್ದರೆ ಆ ಮನೆಗೆ ಹೋಗಬಹುದು, ಆರಿದ್ದರೆ ತಟ್ಟಕೂಡದು ಎಂಬುದು ಅಲ್ಲಿನ ಅಲಿಖಿತ ನಿಯಮ.

ಮೊದಲ ಮನೆಯಲ್ಲಿಯೇ ಒಬ್ಬ ವೃದ್ಧೆ, "ನೀನು ಯಾರಮ್ಮ?" ಎಂದು ಹಿರಿಯಳನ್ನು ಕೇಳಿದರು. "ನಾನು ಓಬವ್ವ. ನನ್ನ ಗಂಡ ಕೋಟೆಯ ಕಾವಲುಗಾರ. ಅವನು ಊಟಕ್ಕೆ ಕುಳಿತಿದ್ದಾಗ ಹೈದರಾಲಿಯ ಸೈನಿಕರು ಗೋಡೆಯ ಕಿಂಡಿಯಲ್ಲಿ ನುಸುಳಿ ಬಂದರು, ಒಬ್ಬೊಬ್ಬರನ್ನೂ ಇದರಿಂದ ಹೊಡೆದೆ" ಎಂದು ಮಗು ಇಂಗ್ಲಿಷಿನಲ್ಲಿ ವಿವರಿಸಿತು. ಎರಡನೆಯ ಮನೆಯಲ್ಲಿಯೂ ಅದೇ ಪ್ರಶ್ನೆ, ಅದೇ ಕಥೆ. ಇಪ್ಪತ್ತಕ್ಕೂ ಹೆಚ್ಚು ಬಾಗಿಲುಗಳಲ್ಲಿ ಚಿತ್ರದುರ್ಗದ ಹೆಸರು ಕೇಳಿಬಂದಿತು. ಮರುದಿನ ಕನ್ನಡ ರಾಜ್ಯೋತ್ಸವವೆಂಬುದು ಆಗ ನನಗೆ ನೆನಪಾಯಿತು. ಸರ್ವ ಸಂತರ ದಿನವೂ 1956ರಲ್ಲಿ ನಮ್ಮ ನಾಡು ಒಂದಾದ ದಿನವೂ ಒಂದೇ. ಹ್ಯಾಲೋವೀನ್ ಪ್ರತಿವರ್ಷವೂ ರಾಜ್ಯೋತ್ಸವದ ಹಿಂದಿನ ರಾತ್ರಿಯೇ!

ಈಗ ನಮ್ಮ ಕಡೆ ನೋಡೋಣ. ನನ್ನ ಮಗ ಎಂಟನೆಯ ವಯಸ್ಸಿನಲ್ಲಿ ಸಂಘದ ಛದ್ಮವೇಷ ಸ್ಪರ್ಧೆಯಲ್ಲಿ ಕೆಂಪೇಗೌಡನಾಗಿ ದ್ವಿತೀಯ ಬಹುಮಾನ ಪಡೆದ. ವೇಷ ಬಾಡಿಗೆಯದು. ಮೂವರು ತೀರ್ಪುಗಾರರು ಅಂಕ ಹಾಕಿದರು. ಸಭಿಕರು ಚಪ್ಪಾಳೆ ತಟ್ಟಿದರು. ಕೆಂಪೇಗೌಡನೆಂದರೆ ಯಾರೆಂದು ಅವನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಿಕೊಡಲಿಲ್ಲ. ಆ ಫಲಕ ಇಂದಿಗೂ ನಮ್ಮ ಕಪಾಟಿನಲ್ಲಿದೆ. ಮಗ ಬೇರೆ ಊರಿನಲ್ಲಿದ್ದಾನೆ. ನನ್ನೊಡನೆ ಹಿಂದಿಯಲ್ಲಿ ಮಾತನಾಡುತ್ತಾನೆ. ಈ ತಪ್ಪನ್ನು ಯಾವ ಪಾಶ್ಚಾತ್ಯ ಪಿಶಾಚಿಯ ತಲೆಗೆ ಕಟ್ಟಲಿ?

ಮನೆಯಿಂದ ಮನೆಗೆ ಹೋಗುವ ಹಬ್ಬ ನಮಗೇನೂ ಪರಕೀಯವಲ್ಲ. ನಾನು ಬೆಳೆದ ತೀರ್ಥಹಳ್ಳಿ ಸೀಮೆಯಲ್ಲಿ ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ ಪಂಟಿಗೆಯವರು ಹಾಡುತ್ತ ದೀಪ ಹಿಡಿದು ಬರುತ್ತಿದ್ದರು. ಮನೆಯವರು ಆ ದೀಪಕ್ಕೆ ಎಣ್ಣೆಯೆರೆದು ಅಕ್ಕಿ, ಕಾಸು ಕೊಡುತ್ತಿದ್ದರು. ಹುಡುಗರಾದ ನಾವು ಹಿಂದೆ ಹಿಂದೆ ನಡೆಯುತ್ತಿದ್ದೆವು. ಕುಂದಾಪುರದ ಕಡೆ ನವರಾತ್ರಿಯಲ್ಲಿ ಹೂವಿನಕೋಲಿನ ಹುಡುಗರು, ಉತ್ತರ ಕರ್ನಾಟಕದಲ್ಲಿ ಬುಟ್ಟಿಯಲ್ಲಿ ಕುಳಿತು ಬರುವ ಜೋಕುಮಾರ, ಮೈಸೂರಿನ ಕಡೆ ಬೊಂಬೆ ಬಾಗಿನಕ್ಕಾಗಿ ಮನೆಮನೆ ಸುತ್ತುವ ಮಕ್ಕಳು, ಸಂಕ್ರಾಂತಿಯ ಎಳ್ಳು ಬೀರುವಿಕೆ: ಇವೆಲ್ಲವೂ ಬಾಗಿಲು ತೆರೆದಿರುತ್ತದೆಂಬ ನಂಬಿಕೆಯ ಮೇಲೆ ನಿಂತವು. ಮಹಾನಗರಕ್ಕೆ ಬಂದ ನಾವು ಅವನ್ನೆಲ್ಲ ಬಾಡಿಗೆ ಸಭಾಂಗಣದ ವೇದಿಕೆಗೆ ಏರಿಸಿ, ನಿರೂಪಕರ ಕೈಗೊಪ್ಪಿಸಿ, ಮಕ್ಕಳನ್ನು ಪ್ರೇಕ್ಷಕರನ್ನಾಗಿ ಮಾಡಿದೆವು.

ಹ್ಯಾಲೋವೀನ್ ನಿರ್ದೋಷಿಯೆಂದು ನಾನು ವಾದಿಸುವುದಿಲ್ಲ. 2023ರಲ್ಲಿ ಅಮೆರಿಕನ್ನರು ಅದಕ್ಕಾಗಿ 1,220 ಕೋಟಿ ಡಾಲರ್ ವೆಚ್ಚ ಮಾಡುವರೆಂದು ಅಲ್ಲಿನ ಚಿಲ್ಲರೆ ವರ್ತಕರ ಒಕ್ಕೂಟವೇ ಅಂದಾಜಿಸಿತ್ತು. ರಕ್ತ ಸುರಿಸುವ ಪ್ಲಾಸ್ಟಿಕ್ ಮುಖವಾಡಗಳು, ಚೀಲಗಟ್ಟಲೆ ಸಕ್ಕರೆ ನನಗೂ ಅಸಹ್ಯವೇ. ನಮ್ಮ ಮಹಾನಗರಗಳ ಮಾಲುಗಳಲ್ಲಿ ಟಿಕೆಟಿಟ್ಟು ನಡೆಸುವ ಹ್ಯಾಲೋವೀನ್ ಟೊಳ್ಳು, ನಿಜ. ಆದರೆ ಅದು ಟೊಳ್ಳಾಗಿರುವುದು ವಿದೇಶಿಯೆಂಬ ಕಾರಣಕ್ಕಲ್ಲ, ಕೊಂಡು ತಂದದ್ದೆಂಬ ಕಾರಣಕ್ಕೆ. ಗುತ್ತಿಗೆದಾರನಿಂದ ತೋರಣ ಕಟ್ಟಿಸಿ, ಹೋಟೆಲಿನಿಂದ ಒಬ್ಬಟ್ಟು ತರಿಸುವ ನಮ್ಮ ಯುಗಾದಿಯೂ ಅಷ್ಟೇ ಟೊಳ್ಳು.

ಇದಕ್ಕೆ ನಮ್ಮ ಗೃಹಸ್ಥರು ಕೊಡುವ ಉತ್ತರ ಒಂದೇ: ಕಾಲ ಕೆಟ್ಟಿದೆ, ಮಕ್ಕಳನ್ನು ಅಪರಿಚಿತರ ಬಾಗಿಲಿಗೆ ಕಳುಹಿಸಲಾಗದು. ಅಮೆರಿಕದಲ್ಲಿಯೂ ಮಿಠಾಯಿಯಲ್ಲಿ ವಿಷವಿದೆ, ಸೇಬಿನಲ್ಲಿ ಬ್ಲೇಡಿದೆ ಎಂಬ ಭಯ ದಶಕಗಳ ಕಾಲ ಹಬ್ಬಿತ್ತು. ಜೋಯೆಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞರು ಸಹಲೇಖಕರೊಡನೆ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಲವು ವರ್ಷಗಳ ಪತ್ರಿಕಾ ವರದಿಗಳನ್ನು ಜಾಲಾಡಿದರು. ಅಪರಿಚಿತರು ಕೊಟ್ಟ ಮಿಠಾಯಿಯಿಂದ ಮಗು ಸತ್ತ ಒಂದು ನಿದರ್ಶನವೂ ಅವರಿಗೆ ದೊರೆಯಲಿಲ್ಲ. 1974ರಲ್ಲಿ ಟೆಕ್ಸಾಸಿನಲ್ಲಿ ನಡೆದ ಸಾವಿನ ಅಪರಾಧಿ ಮಗುವಿನ ಸ್ವಂತ ತಂದೆ. ಎಚ್ಚರಿಕೆ ಬೇಕು, ಜೊತೆಗೆ ಹಿರಿಯರೂ ಇರಬೇಕು; ಆದರೆ ನೆರೆಹೊರೆಯನ್ನೇ ಶಂಕಿಸಿ ಕದವಿಕ್ಕುವುದು ಎಚ್ಚರಿಕೆಯಲ್ಲ.

ಆ ರಾತ್ರಿ ಮರಳಿದ ಮೇಲೆ ಆರೂ ಮಕ್ಕಳು ತಂತಮ್ಮ ಚೀಲಗಳನ್ನು ನಡುಮನೆಯಲ್ಲಿ ಒಂದೇ ರಾಶಿಯಾಗಿ ಸುರಿದರು. ಹಿರಿಯಳು ಪಾಲು ಹಂಚಿದಳು. ಅವಳಿಗಳಲ್ಲೊಬ್ಬಳಿಗೆ ಕಡಲೆಕಾಯಿ ಒಗ್ಗದು. ಅದಿರುವುದನ್ನೆಲ್ಲ ಬೇರೆಯಿಟ್ಟು ಬದಲಿ ಕೊಡಲಾಯಿತು. ನಡೆಯಲಾರದೆ ಹೆಗಲೇರಿ ಬಂದು ನಿದ್ರೆಹೋಗಿದ್ದ ಎರಡು ವರ್ಷದವನಿಗೂ ಸಮಪಾಲು. ಹಂಚಿ ತಿನ್ನುವ ಈ ಪಾಠವನ್ನು ನಮ್ಮ ಯಾವ ಬಹುಮಾನ ವಿತರಣೆ ಕಲಿಸಿದೆ?

ಆದುದರಿಂದ ಖಂಡನಾ ನಿರ್ಣಯವನ್ನು ಹಿಂದೆಗೆದುಕೊಂಡು ಸಂಘ ಇನ್ನೊಂದು ನಿರ್ಣಯ ಮಾಡಲಿ. ಈ ಬಾರಿ ಛದ್ಮವೇಷ ಸ್ಪರ್ಧೆ ರದ್ದಾಗಲಿ. ಮನೆಯಲ್ಲಿಯೇ ಕಟ್ಟಿದ ವೇಷ ತೊಟ್ಟು ಮಕ್ಕಳು ಐದಾರು ಮನೆಗಳಿಗೆ ಹೋಗಲಿ. ಅವುಗಳಲ್ಲಿ ಎರಡಾದರೂ ಕನ್ನಡೇತರರ ಮನೆಗಳಾಗಿರಲಿ. ಬಾಗಿಲು ತೆರೆದವರು "ನೀನು ಯಾರು?" ಎಂದು ಕೇಳಲಿ, ಮಗು ಉತ್ತರಿಸಲಿ. ದಸರೆಗೆ ಮಾಡಿದರೆ ಬೊಂಬೆ ಬಾಗಿನವೆನ್ನಿ, ಅಕ್ಟೋಬರ್ 31ರಂದು ಮಾಡಿದರೆ ಏನು ಬೇಕಾದರೂ ಅನ್ನಿ. ಹೆಸರಿನ ಜಗಳ ನನಗಿಲ್ಲ.

1990ರ ದಶಕದಲ್ಲಿ ಬೆಂಗಳೂರಿನ ಕಡೆ ದೆವ್ವಕ್ಕೆ ಹೆದರಿ ಜನ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದುದು ಓದುಗರಿಗೆ ನೆನಪಿರಬಹುದು. ಅಮೆರಿಕದ ಆ ಬೀದಿಯಲ್ಲಿ ದೆವ್ವದ ವೇಷದ ಮಗು ಬಂದರೆ ಕದ ತೆರೆದು ಸಿಹಿ ಕೊಡುತ್ತಾರೆ. ನಾವು ನಮ್ಮ ಮಕ್ಕಳಿಗೇ ಇಷ್ಟು ವರ್ಷ 'ನಾಳೆ ಬಾ' ಎನ್ನುತ್ತ ಬಂದಿದ್ದೇವೆ. ನನ್ನ ಮಗ ಬರುವುದನ್ನು ಬಿಟ್ಟಿದ್ದಾನೆ. ನಿಮ್ಮ ಮಕ್ಕಳು ಇನ್ನೂ ಬಾಗಿಲಲ್ಲಿದ್ದರೆ ದಯವಿಟ್ಟು ದೀಪ ಹಚ್ಚಿ, ಕದ ತೆರೆಯಿರಿ.